ಟಿ.ವಿ.ಯಲ್ಲಿ ಹಬ್ಬ, ಬಜಾರಿನಲ್ಲಿ ಬಿಕೋ: ಬರಲಿರುವ ‘ಮಹಾಸಂಚಿಕೆ’ಗಳಲ್ಲಿ ಕಲಬುರಗಿಯ ಪಾಲೆಷ್ಟು?

ಹಬ್ಬದ ಸಾಲು ಎದುರಿಗಿದೆ. ಗಣೇಶ, ದಸರಾ, ರಾಜ್ಯೋತ್ಸವ, ದೀಪಾವಳಿ ಎಂದು ಒಂದರ ಹಿಂದೊಂದು ಬರುವ ಮುಂಚೆಯೇ ಟಿ.ವಿ. ಪರದೆಯ ಕೆಳಗೆ ‘ಶೀಘ್ರದಲ್ಲಿ’, ‘ಇದೇ ಭಾನುವಾರ’, ‘ಮಹಾಸಂಚಿಕೆ’ ಎಂಬ ಅಕ್ಷರಗಳು ಓಡಾಡತೊಡಗುತ್ತವೆ. ಕಿರಾಣಾ ಬಜಾರಿನ ಅಂಗಡಿಕಾರ ಸಕ್ಕರೆ, ಬೆಲ್ಲ, ಮೈದಾ ಎಷ್ಟು ಚೀಲ ಇಳಿಸಬೇಕೆಂದು ಲೆಕ್ಕ ಹಾಕುವ ಹಾಗೆಯೇ ಚಾನೆಲಿನವರೂ ಎಷ್ಟು ತಾಸು ‘ವಿಶೇಷ’ ಇಳಿಸಬೇಕೆಂದು ಲೆಕ್ಕ ಹಾಕುತ್ತಾರೆ. ಇಬ್ಬರದೂ ವ್ಯಾಪಾರವೇ. ವ್ಯತ್ಯಾಸ ಇಷ್ಟೆ: ಅಂಗಡಿಕಾರನಿಗೆ ಗಿರಾಕಿ ಮನೆಯಿಂದ ಹೊರಗೆ ಬರಬೇಕು, ಚಾನೆಲಿನವನಿಗೆ ಅದೇ ಗಿರಾಕಿ ಮನೆಯೊಳಗೇ ಕುಂತಿರಬೇಕು.

ಈ ಹಗ್ಗಜಗ್ಗಾಟ ನಡೆಯುವುದು ಸಂಜೆ ಏಳರಿಂದ ಹತ್ತರ ನಡುವೆ. ಕಪಡಾ ಬಜಾರ್, ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಿಗೂ ಅದೇ ಹೊತ್ತು ಮುಖ್ಯ, ಧಾರಾವಾಹಿಗಳಿಗೂ ಅದೇ ಹೊತ್ತು ಮುಖ್ಯ. “ಲಗೂ ಕೊಡ್ರಿ ಕಾಕಾ, ಸೀರಿಯಲ್ ಸುರು ಆಗ್ತದ” ಎಂಬ ಮಾತು ಕೇಳದ ಕಿರಾಣಿ ಅಂಗಡಿ ಊರಿನಲ್ಲಿ ಇರಲಿಕ್ಕಿಲ್ಲ. ದಿನಾ ಅರ್ಧ ತಾಸಿನ ಕಂತಾದರೆ ಹೇಗೋ ಸಾಗುತ್ತದೆ. ವಾರದ ಕೊನೆಗೆ ಮೂರು-ನಾಲ್ಕು ತಾಸಿನ ವಿಶೇಷ ಬಂತೆಂದರೆ ಹಬ್ಬದ ಹಿಂದಿನ ಶನಿವಾರ, ಭಾನುವಾರದ ಸಂಜೆಯೇ ಕೈತಪ್ಪುತ್ತದೆ. ಅಂಗಡಿಯವರಿಗೆ ವರ್ಷದಲ್ಲಿ ಅಂಥ ಸಂಜೆಗಳು ಬೆರಳೆಣಿಕೆಯಷ್ಟೇ.

ಈ ವಿಶೇಷಗಳೊಳಗೆ ಇರುವುದಾದರೂ ಏನು? ಒಂದು ಹಾಡು, ಒಂದು ಕುಣಿತ, ಒಂದು ನಗೆನಾಟಕ, ನಡುವೆ ಒಬ್ಬ ಸಿನಿಮಾ ನಟ ತನ್ನ ಹೊಸ ಚಿತ್ರದ ಹೆಸರು ಹತ್ತು ಸಲ ಹೇಳಿಹೋಗುವುದು. ಪರದೆಯ ಮೇಲೆ ಹಬ್ಬದ ದಿನ ಕಾಣುವ ಚೆಂಡುಹೂವಿನ ತೋರಣ ಬೆಂಗಳೂರಿನ ಸ್ಟುಡಿಯೋದಲ್ಲಿ ಕಟ್ಟಿದ್ದು ಎಷ್ಟೋ ದಿನ ಹಿಂದೆ. ಇಲ್ಲಿ ಗಣಪತಿ ಮೂರ್ತಿಗೆ ಬಣ್ಣ ಹಚ್ಚುವ ಹೊತ್ತಿಗೆ ಅಲ್ಲಿ ಮಂಗಳಾರತಿ ಆಗಿಹೋಗಿರುತ್ತದೆ. ಇನ್ನು ಪ್ರಶಸ್ತಿ ಸಮಾರಂಭಗಳು. ಕಲರ್ಸ್ ಕನ್ನಡದ ‘ಅನುಬಂಧ’, ಜೀ ಕನ್ನಡದ ‘ಕುಟುಂಬ’ ಇವುಗಳಲ್ಲಿ ಚಾನೆಲು ತನ್ನ ಧಾರಾವಾಹಿಯ ಅತ್ತೆಗೆ ತಾನೇ ‘ಉತ್ತಮ ಅತ್ತೆ’ ಎಂದು ಪ್ರಶಸ್ತಿ ಕೊಡುತ್ತದೆ. ತನ್ನ ಮಗನ ಮದುವೆಗೆ ತಾನೇ ಆಯೇರು ಮಾಡಿಕೊಂಡಂತೆ! ಆದರೂ ಜನ ನೋಡುತ್ತಾರೆ, ನೋಡಿ ಖುಷಿಪಡುತ್ತಾರೆ. ಇಡೀ ವರ್ಷ ಕಣ್ಣೀರು ಹಾಕುವ ಸೊಸೆ ಒಂದು ದಿನ ಕುಣಿದರೆ ನೋಡಬಾರದೆಂದು ಯಾರು ಹೇಳಿಯಾರು?

ಇದರ ಜತೆಗೆ ಬಿಗ್ ಬಾಸ್. 2023ರಲ್ಲಿ ಅಕ್ಟೋಬರ್ 8ಕ್ಕೆ, 2024ರಲ್ಲಿ ಸೆಪ್ಟೆಂಬರ್ 29ಕ್ಕೆ, 2025ರಲ್ಲಿ ಸೆಪ್ಟೆಂಬರ್ 28ಕ್ಕೆ ಶುರುವಾಯಿತು. ಎಲ್ಲವೂ ದಸರಾ ಆಸುಪಾಸು. ಇದು ಕಾಕತಾಳೀಯವಲ್ಲ. ಹಬ್ಬದ ಹೊತ್ತಿಗೆ ಸೋಪು, ಸೀರೆ, ಬಂಗಾರ, ಫ್ರಿಜ್ಜು ಮಾರುವವರ ಕೈಯಲ್ಲಿ ಜಾಹೀರಾತಿನ ದುಡ್ಡು ಓಡಾಡುತ್ತದೆ. ಆ ದುಡ್ಡು ಓಡುವ ದಾರಿಯಲ್ಲೇ ಟಿ.ವಿ.ಯವರು ಪೆಂಡಾಲ್ ಹಾಕುತ್ತಾರೆ.

ಕಾಯಿದೆ ಪ್ರಕಾರ ಒಂದು ತಾಸಿನ ಕಾರ್ಯಕ್ರಮದಲ್ಲಿ ಜಾಹೀರಾತು 12 ನಿಮಿಷ ಮೀರುವಂತಿಲ್ಲ. ಹತ್ತು ನಿಮಿಷ ಸರಕಿನದು, ಎರಡು ನಿಮಿಷ ಚಾನೆಲಿನ ಸ್ವಂತ ಪ್ರಚಾರ. ನಾಲ್ಕು ತಾಸಿನ ಮಹಾಸಂಚಿಕೆಗೆ 48 ನಿಮಿಷ ಆಯಿತು. ಇದನ್ನು ಬಿಗಿಯಾಗಿ ಜಾರಿ ಮಾಡಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಹೊರಟಾಗ ಚಾನೆಲುಗಳು 2013ರಲ್ಲಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಪ್ರಕರಣ ವರ್ಷಗಟ್ಟಲೆ ಅಲ್ಲೇ ಕುಂತಿತು. ಮೇಲಾಗಿ ತೀರ್ಪುಗಾರರ ಮುಂದಿನ ಕಪ್ಪಿನ ಮೇಲೆ ಚಹಾಪುಡಿಯ ಹೆಸರು, ನಿರೂಪಕಿಯ ಕೊರಳಲ್ಲಿ ಆಭರಣ ಅಂಗಡಿಯ ಹೆಸರು. ಇವು ನಿಮಿಷದ ಲೆಕ್ಕದಲ್ಲಿ ಬರುವ ಹಾಗೆ ಕಾಣುವುದಿಲ್ಲ.

ಸರಾಫ್ ಬಜಾರಿನ ಸಣ್ಣ ವ್ಯಾಪಾರಿಗೆ ಇಲ್ಲಿ ಎರಡು ಪೆಟ್ಟು. ಸಂಜೆ ಗಿರಾಕಿ ಇಲ್ಲ, ಅದು ಒಂದು. ಆ ಗಿರಾಕಿ ಮನೆಯಲ್ಲಿ ಕುಂತು ನೋಡುವುದು ದೊಡ್ಡ ಊರಿನ ಸರಣಿ ಅಂಗಡಿಯ ಜಾಹೀರಾತು, ಅದು ಇನ್ನೊಂದು. ಇಲ್ಲಿನವನು ಹೆಚ್ಚೆಂದರೆ ಊರಿನ ಕೇಬಲ್ ಚಾನೆಲಿನಲ್ಲಿ ಪರದೆಯ ಅಡಿಗೆ ಓಡುವ ಒಂದು ಸಾಲು ಹಾಕಿಸಿಯಾನು.

ಎಷ್ಟು ಜನ ನೋಡಿದರು ಎಂಬ ಲೆಕ್ಕ

ಯಾವ ವಿಶೇಷ ಗೆದ್ದಿತು, ಯಾವುದು ಸೋತಿತು ಎಂದು ಪ್ರತಿ ವಾರ ತೀರ್ಮಾನ ಮಾಡುವುದು ಟಿ.ಆರ್.ಪಿ. ಎಂಬ ಸಂಖ್ಯೆ. ‘ಬಾರ್ಕ್’ ಎಂಬ ಸಂಸ್ಥೆ 2015ರಿಂದ ಇದನ್ನು ಕೊಡುತ್ತಿದೆ. ಆರಿಸಿದ ಮನೆಗಳಲ್ಲಿ ಒಂದು ಮೀಟರು ಕೂಡಿಸುತ್ತಾರೆ, ಮನೆಮಂದಿ ನೋಡುವಾಗ ತಂತಮ್ಮ ಗುಂಡಿ ಒತ್ತಬೇಕು. ಕೇಂದ್ರ ಸರಕಾರ 2025ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಟಿ.ವಿ. ಇರುವ ಮನೆ ಸುಮಾರು 23 ಕೋಟಿ, ಮೀಟರು ಇರುವ ಮನೆ ಸುಮಾರು 58 ಸಾವಿರ. ಅಂದರೆ ಹತ್ತಿರ ಹತ್ತಿರ ನಾಲ್ಕು ಸಾವಿರ ಮನೆಗಳ ಪರವಾಗಿ ಒಂದು ಮನೆ ಗುಂಡಿ ಒತ್ತುತ್ತದೆ. ಒಂದು ಅಕ್ಕಿಕಾಳು ಹಿಸುಕಿ ಇಡೀ ಬೋಗುಣಿಯ ಅನ್ನ ಬೆಂದಿದೆ ಎನ್ನುವುದು ಸರಿಯೇ. ಆದರೆ ಅದು ಒಂದೇ ಒಲೆಯ ಮೇಲಿನ ಅನ್ನ. ಬೆಂಗಳೂರಿನ ಫ್ಲಾಟಿನ ರುಚಿಯೂ ಚಿಂಚೋಳಿ ತಾಂಡಾದ ರುಚಿಯೂ ಒಂದೇ ಬೋಗುಣಿಯಲ್ಲಿ ಬೇಯುವಂಥವಲ್ಲ.

ಹಾಗೆಂದು ಈ ಮನರಂಜನೆ ಕಾರ್ಯಕ್ರಮಗಳು ಹಳ್ಳಿಕಡೆಯವರನ್ನು ಪೂರ್ತಿ ಮರೆತಿವೆ ಎಂದರೆ ಸುಳ್ಳಾದೀತು. ಹಾವೇರಿ ಜಿಲ್ಲೆಯ ಕುರಿಗಾಹಿ ಹುಡುಗ ಹನುಮಂತ ಜೀ ಕನ್ನಡದ ‘ಸರಿಗಮಪ’ದಲ್ಲಿ ಹಾಡಿ 2019ರಲ್ಲಿ ಎರಡನೆಯವನಾದ. ಮುಂದೆ ಬಿಗ್ ಬಾಸ್ ಮನೆಗೆ ನಡುವೆ ಹೊಕ್ಕು 2025ರ ಜನವರಿಯಲ್ಲಿ ಗೆದ್ದೇ ಹೊರಗೆ ಬಂದ. ಲುಂಗಿ, ಟವಲು, ತನ್ನ ಮಾತು ಯಾವುದನ್ನೂ ಬಿಡಲಿಲ್ಲ. ಆ ಗೆಲುವಿಗೆ ಈ ಭಾಗದ ಬಸ್‌ಸ್ಟ್ಯಾಂಡುಗಳಲ್ಲಿ ಜನ ಪಟ್ಟ ಸಂತೋಷ ಸಣ್ಣದಲ್ಲ. ಆದರೆ ಅದೇ ಚಾನೆಲುಗಳ ನಗೆನಾಟಕಗಳಲ್ಲಿ ‘ಹೌದೇನ್ರಿ’, ‘ಯಾಕಲೇ’ ಎಂದರೆ ಸಾಕು, ನಗು ಶುರು. ಉತ್ತರದ ಮಾತು ಆಡುವವನು ಒಂದೋ ಕುಡುಕ, ಒಂದೋ ಪೆದ್ದ, ಇಲ್ಲವೇ ಬಾಯಿಬಡುಕ ಹೆಂಗಸು. ಕಥೆಯ ನಾಯಕ ಮಾತ್ರ ಬೆಂಗಳೂರು-ಮೈಸೂರಿನ ಕನ್ನಡದಲ್ಲೇ ಪ್ರೀತಿ ಮಾಡುತ್ತಾನೆ. ಒಬ್ಬ ಹನುಮಂತ ಬಂದ ಮಾತ್ರಕ್ಕೆ ಈ ಚಾಳಿ ಹೋಗಿಲ್ಲ.

ಚರ್ಚೆಯೆಂಬ ಅಗ್ಗದ ಅಡುಗೆ

ಮನರಂಜನೆಯದು ಒಂದು ಬಗೆಯಾದರೆ ಸುದ್ದಿ ಚಾನೆಲುಗಳ ರಾತ್ರಿ ಚರ್ಚೆ ಇನ್ನೊಂದು ಬಗೆ. ಹಬ್ಬದ ದಿನಗಳಲ್ಲಿ ಅಲ್ಲೂ ‘ವಿಶೇಷ ಚರ್ಚೆ’, ‘ಮಹಾಸಂವಾದ’ ಎಂದು ಹೆಸರು ಹೆಚ್ಚುತ್ತದೆ. ಪರದೆಯನ್ನು ಆರು ಕಿಟಕಿ ಮಾಡಿ, ಆರು ತಲೆ ಇಟ್ಟು, ಎಲ್ಲರೂ ಒಟ್ಟಿಗೆ ಮಾತಾಡಿದರೆ ಅದಕ್ಕೆ ಚರ್ಚೆಯೆಂದು ಹೆಸರು. ಯಾರು ಏನೆಂದರು ಎಂದು ಮರುದಿನ ಕ್ಷೌರದ ಅಂಗಡಿಯಲ್ಲಿ ಕೇಳಿದರೆ ಹೇಳಬಲ್ಲವರಿಲ್ಲ. ಯಾರು ಯಾರಿಗೆ ಬೈದರು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ.

ಇದಕ್ಕೆ ಟಿ.ಆರ್.ಪಿ.ಯೇ ಕಾರಣ ಎನ್ನುವುದು ವಾಡಿಕೆಯ ಮಾತು. ಅದನ್ನು ಒರೆಗೆ ಹಚ್ಚಲು ಒಂದು ಅವಕಾಶವೂ ಸಿಕ್ಕಿತ್ತು. 2020ರ ಅಕ್ಟೋಬರ್‌ನಲ್ಲಿ ಮುಂಬಯಿ ಪೊಲೀಸರು ನಕಲಿ ಟಿ.ಆರ್.ಪಿ. ಪ್ರಕರಣ ಹೊರಗೆ ತೆಗೆದ ಮೇಲೆ ಸುದ್ದಿ ಚಾನೆಲುಗಳ ವಾರದ ಸಂಖ್ಯೆಯನ್ನು ಬಾರ್ಕ್ ನಿಲ್ಲಿಸಿತು. ಮತ್ತೆ ಕೊಡಲು ಶುರು ಮಾಡಿದ್ದು 2022ರ ಮಾರ್ಚ್‌ನಲ್ಲಿ. ಹತ್ತಿರ ಒಂದೂವರೆ ವರ್ಷ ಸಂಖ್ಯೆಯೇ ಇರಲಿಲ್ಲ. ಹಾಗಾದರೆ ಆ ಒಂದೂವರೆ ವರ್ಷ ಕೂಗಾಟ ಕಡಿಮೆಯಾಯಿತೇ? ನೋಡಿದವರಿಗೆ ಉತ್ತರ ಗೊತ್ತಿದೆ. ಅಂದಮೇಲೆ ಬೇರೆ ಕಾರಣ ಹುಡುಕಬೇಕು.

ಕಾರಣ ಖರ್ಚು. ಅಫಜಲಪುರದ ಹೊಲಕ್ಕೆ ಹೋಗಿ ತೊಗರಿ ಯಾಕೆ ಒಣಗಿತು ಎಂದು ತೋರಿಸಬೇಕಾದರೆ ಕ್ಯಾಮೆರಾ ಬೇಕು, ವಾಹನ ಬೇಕು, ಎರಡು ದಿನ ಬೇಕು, ಬೆಳೆಯ ವಿಷಯ ತಿಳಿದವನೊಬ್ಬ ಬೇಕು. ಚರ್ಚೆಗಾದರೆ ಒಬ್ಬ ನಿರೂಪಕ, ಒಂದು ಮೇಜು, ಫೋನಿನಲ್ಲೇ ಸಿಗುವ ಪಕ್ಷದ ವಕ್ತಾರರು. ಬಂದವರು ಮುಖ ತೋರಿಸಿದ್ದಕ್ಕೇ ಖುಷಿಪಟ್ಟು ಹೋಗುತ್ತಾರೆ. ಒಂದು ತಾಸು ತುಂಬಿತು. ನೀರಿಗೆ ಉಪ್ಪು ಹಾಕಿ ಸಾರು ಎಂದು ಬಡಿಸುವ ಖಾನಾವಳಿಗೆ ಇದಕ್ಕಿಂತ ಲಾಭದ ಅಡುಗೆ ಉಂಟೆ?

ಈ ಅಡುಗೆಯಲ್ಲಿ ಕಲಬುರಗಿ ಜಿಲ್ಲೆಗೆ ಬಂದ ಪಾಲು ಎಂಥದ್ದು ಎಂದು ನೋಡಬೇಕು. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಚಿತ್ತಾಪುರದ ಹೆಸರು ವಾರಗಟ್ಟಲೆ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಮೊಳಗಿತು. ಆರೆಸ್ಸೆಸ್ ಪಥಸಂಚಲನಕ್ಕೆ ಅನುಮತಿ ಕೊಡಬೇಕೋ ಬೇಡವೋ ಎಂಬ ತಕರಾರು ಹೈಕೋರ್ಟಿನ ಕಲಬುರಗಿ ಪೀಠದವರೆಗೆ ಹೋಗಿ, ಕೊನೆಗೆ ನವೆಂಬರ್ 16ರಂದು ಸಂಚಲನ ನಡೆದು ಮುಗಿಯಿತು. ತಕರಾರಿನಲ್ಲಿ ಯಾರು ಸರಿ ಎನ್ನುವುದು ಬೇರೆ ಮಾತು. ಚಿತ್ತಾಪುರ ತಾಲ್ಲೂಕಿನಲ್ಲೇ ವಾಡಿ ಇದೆ, ಸಿಮೆಂಟು ಕಾರ್ಖಾನೆ ಇದೆ, ಅದರ ಧೂಳು ತಿನ್ನುವ ಜನ ಇದ್ದಾರೆ, ತೊಗರಿ ಬೆಳೆದು ಗಂಜಿಗೆ ತರುವ ರೈತರಿದ್ದಾರೆ. ಆ ಚಿತ್ತಾಪುರ ಯಾವ ಕಿಟಕಿಯಲ್ಲೂ ಕಾಣಿಸಿದ್ದು ಅಪರೂಪ.

ಅದಕ್ಕೂ ತುಸು ಮೊದಲಿನ ಸಂಗತಿ. 2025ರ ಸೆಪ್ಟೆಂಬರ್ ಕೊನೆಗೆ ಮಹಾರಾಷ್ಟ್ರದಿಂದ ಬಿಟ್ಟ ನೀರಿಗೆ ಭೀಮಾ ಉಕ್ಕಿ ದಂಡೆಯ ಊರುಗಳು ಮುಳುಗಿದವು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿಗಳು ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಜಿಲ್ಲೆಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುತ್ತಿದರು. ನಿಜ ಹೇಳಬೇಕೆಂದರೆ ಸುದ್ದಿ ಚಾನೆಲುಗಳು ನೀರು ತೋರಿಸಿದವು, ದೋಣಿ ತೋರಿಸಿದವು, ಅಳುವವರನ್ನು ತೋರಿಸಿದವು. ಅದೇ ವಾರ ಬಿಗ್ ಬಾಸ್ ಶುರುವಾಯಿತು. ಅಕ್ಟೋಬರ್ 7ಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದ ಮೇಲೆ ಬಿಡದಿಯ ಆ ಸ್ಟುಡಿಯೋಕ್ಕೆ ಬೀಗ ಬಿತ್ತು. ಸ್ಪರ್ಧಿಗಳನ್ನು ಹತ್ತಿರದ ರೆಸಾರ್ಟಿಗೆ ಸಾಗಿಸಬೇಕಾಯಿತು. ಒಂದೆರಡು ದಿನದಲ್ಲಿ ಬೀಗ ತೆಗೆದರು. ಆ ಒಂದೆರಡು ದಿನ ಬೀಗದ ಮೇಲೆ ನಡೆದ ಚರ್ಚೆ, ವಿಶ್ಲೇಷಣೆ, ನೇರಪ್ರಸಾರ ನೆನಪಿದೆಯಲ್ಲ? ಮನೆ ಕಳಕೊಂಡ ಸ್ಪರ್ಧಿಗಳ ಚಿಂತೆ ರಾಜ್ಯಕ್ಕೆಲ್ಲ ಹತ್ತಿತು. ಭೀಮಾ ದಂಡೆಯಲ್ಲಿ ಮನೆ ಕಳಕೊಂಡವರ ಪರಿಹಾರ ಎಲ್ಲಿಗೆ ಬಂತು, ಯಾವ ಸರ್ವೆಯಲ್ಲಿ ಯಾರ ಹೆಸರು ಬಿಟ್ಟುಹೋಯಿತು ಎಂಬುದನ್ನು ಹೀಗೆ ದಿನಕ್ಕೆ ಆರು ಸಲ ಬೆನ್ನು ಹತ್ತಿದವರಿಲ್ಲ. ನೀರಿಗೆ ದೃಶ್ಯ ಇರುತ್ತದೆ, ಕಾಗದಪತ್ರಕ್ಕೆ ದೃಶ್ಯ ಇರುವುದಿಲ್ಲವಲ್ಲ.

ತೊಗರಿಯ ಕತೆಯೂ ಇದೇ. 2022-23ರಲ್ಲಿ ನೆಟೆ ರೋಗ ಬಡಿದು ಕಲಬುರಗಿ, ಬೀದರ್, ಯಾದಗಿರಿಯ ತೊಗರಿ ನಿಂತಲ್ಲೇ ಒಣಗಿತು. ಸರಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು. ನೆಹರೂ ಗಂಜಿನ ದಲಾಲನಿಂದ ಹಿಡಿದು ಬಟ್ಟೆ ಅಂಗಡಿಯ ಉದ್ರಿ ಖಾತೆಯವರೆಗೆ ಎಲ್ಲ ನಡೆಯುವುದು ಈ ಬೇಳೆಯ ಮೇಲೆ. ತೊಗರಿ ಕೈಕೊಟ್ಟ ವರ್ಷ ದೀಪಾವಳಿ ಉದ್ರಿ ಯುಗಾದಿಗೂ ವಸೂಲಾಗುವುದಿಲ್ಲ ಎಂದು ವ್ಯಾಪಾರಿಗಳಿಗೆ ಗೊತ್ತು. ಒಂದು ರಾತ್ರಿಯ ಮಹಾಸಂವಾದಕ್ಕೆ ಇದಕ್ಕಿಂತ ದೊಡ್ಡ ವಿಷಯ ಬೇಕೇ?

ಬೇಕಿದ್ದರೆ ಇನ್ನೊಂದು ಇದೆ. ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳದೇ ಕಾರುಬಾರು ನಡೆಯಿತು. ವಿಧಾನಸಭೆ, ಲೋಕಸಭೆ ಚುನಾವಣೆ ಬಂದರೆ ತಿಂಗಳುಗಟ್ಟಲೆ ಲೆಕ್ಕಾಚಾರ ಹಾಕುವ ಸ್ಟುಡಿಯೋಗಳು ಈ ಬಗ್ಗೆ ಎಷ್ಟು ರಾತ್ರಿ ಕೂಗಾಡಿದವು ಎಂದು ಎಣಿಸಲು ಒಂದು ಕೈಯ ಬೆರಳೇ ಸಾಕು.

ಬಸ್ಸಿನಲ್ಲಿ ಓಡಾಡುವವರಿಗೆ ಈ ಚರ್ಚೆಗಳ ಕಾಟ ಇನ್ನೊಂದು ಬಗೆಯದು. ರಾತ್ರಿ ನಡೆದ ಜಗಳದ ತುಣುಕು ಬೆಳಿಗ್ಗೆ ಮೊಬೈಲಿಗೆ ಬರುತ್ತದೆ. ಆಳಂದ ಬಸ್ಸಿನಲ್ಲೋ ಸೇಡಂ ಬಸ್ಸಿನಲ್ಲೋ ಒಬ್ಬ ಅದನ್ನು ಜೋರು ದನಿಯಲ್ಲಿ ಹಚ್ಚಿದನೆಂದರೆ ಊರು ಮುಟ್ಟುವವರೆಗೆ ಎಲ್ಲರೂ ಕೇಳಬೇಕು. ಪಕ್ಕದವ ಒಂದು ಪಕ್ಷದವನಾಗಿದ್ದರೆ ಮುಂದಿನದು ಹೇಳಬೇಕಿಲ್ಲ. ಹೀಗೆ ಜೋರಾಗಿ ಹಚ್ಚುವುದನ್ನು ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲೇ ತನ್ನ ಬಸ್ಸುಗಳಲ್ಲಿ ನಿಷೇಧ ಮಾಡಿ, ಕೇಳದವರನ್ನು ಕೆಳಗಿಳಿಸಬಹುದು ಎಂದಿತ್ತು. ಈ ಕಡೆಯ ಕಂಡಕ್ಟರುಗಳಿಗೆ ಟಿಕೀಟು ಹರಿಯುವುದರಲ್ಲೇ ಸಾಕಾಗಿರುವಾಗ ಯಾರು ಯಾರನ್ನು ಇಳಿಸಬೇಕು?

ಬೆಂಗಳೂರಿಗಿಂತ ಮೊದಲು ಟಿ.ವಿ. ಕಂಡ ಊರು

ಇಷ್ಟೆಲ್ಲ ಬೆಂಗಳೂರಿನ ಕಡೆ ಮುಖ ಮಾಡಿ ನೋಡುವ ಜಿಲ್ಲೆಗೆ ಒಂದು ಹಳೆಯ ಹೆಮ್ಮೆ ಇದೆ, ಹೊಸ ಹುಡುಗರಿಗೆ ಅದು ಗೊತ್ತಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಪ್ರಯೋಗ ನಡೆಯಿತು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ತಂತಿ ಜಾಳಿಗೆಯ ದೊಡ್ಡ ಛತ್ರಿ ಕೂಡಿಸಿ, ಊರಿಗೆಲ್ಲ ಒಂದೇ ಪೆಟ್ಟಿಗೆ ಇಟ್ಟು, ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ ತೋರಿಸುತ್ತಿದ್ದರು. ಒಕ್ಕಲುತನ, ಆರೋಗ್ಯ, ಹಾಡು, ನಾಟಕ. ಉಪಗ್ರಹದ ಅವಧಿ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರವೇ ಬಂತು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ನಾಲ್ಕು ವರ್ಷ ಹಿರಿಯಣ್ಣ ಈ ಊರು!

ಹಿರಿಯಣ್ಣನ ಗತಿ ಮುಂದೇನಾಯಿತು? ಹಳೆಯ ಕಾಲದ ಭೂಮಿ ಪ್ರಸಾರ ಯಂತ್ರಗಳನ್ನು ಹಂತ ಹಂತವಾಗಿ ನಿಲ್ಲಿಸಲು ಪ್ರಸಾರ ಭಾರತಿ ತೀರ್ಮಾನ ಮಾಡಿದಾಗ, 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿತು. ಊರಿನಲ್ಲಿ ಗದ್ದಲವಾಯಿತು. ಆಗ ಪ್ರಸಾರ ಭಾರತಿ ಕಲಬುರಗಿಯ ಹೆಸರು ಹಿಡಿದೇ ಸ್ಪಷ್ಟನೆ ಕೊಟ್ಟಿತು: ಯಂತ್ರ ನಿಂತರೂ ಕೇಂದ್ರ ನಿಲ್ಲುವುದಿಲ್ಲ, ಅಲ್ಲಿ ಕಾರ್ಯಕ್ರಮ ತಯಾರಾಗಿ ರಾಜ್ಯದ ದೂರದರ್ಶನ ಚಾನೆಲಿನಲ್ಲಿ ಬರುತ್ತದೆ, ಯೂಟ್ಯೂಬಿನಲ್ಲೂ ಇರುತ್ತದೆ ಎಂದು. ಮಾತು ಕೊಟ್ಟಿದ್ದು ಕೇಂದ್ರ ಸರಕಾರದ ಪ್ರಕಟಣೆಯಲ್ಲಿ. ಆ ಮಾತಿನ ಬಾಕಿ ವಸೂಲಿಗೆ ಹಬ್ಬದ ಸಾಲಿಗಿಂತ ಒಳ್ಳೆಯ ಹೊತ್ತು ಯಾವುದು? ಜಿಲ್ಲೆಯಲ್ಲಿ ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುವ ಮೇಳಗಳಿವೆ, ಮೊಹರಮ್ಮಿನ ರಿವಾಯತ್ ಪದಗಳಿವೆ, ಶರಣಬಸವೇಶ್ವರ ಜಾತ್ರೆ ಇದೆ, ಬಂದೇ ನವಾಜ್ ಉರುಸು ಇದೆ. ಇವೆಲ್ಲ ಕೂಡಿದರೆ ಎರಡು ತಾಸಿನ ವಿಶೇಷಕ್ಕೆ ಸಿನಿಮಾ ನಟರ ಹಂಗೇ ಬೇಕಿಲ್ಲ.

ಸರಕಾರಿ ಚಾನೆಲು ಯಾರು ನೋಡುತ್ತಾರೆ ಎಂದು ಮೂಗು ಮುರಿಯುವವರಿಗೆ ಚಂದನದ ‘ಥಟ್ ಅಂತ ಹೇಳಿ’ ಇದೆ. ಡಾ. ನಾ. ಸೋಮೇಶ್ವರ 2002ರಿಂದ ನಡೆಸಿಕೊಂಡು ಬಂದ ಕಾರ್ಯಕ್ರಮ ಅದು. ಕುಣಿತವಿಲ್ಲ, ಕೂಗಾಟವಿಲ್ಲ, ಸರಿ ಉತ್ತರ ಹೇಳಿದರೆ ಬಹುಮಾನವಾಗಿ ಸಿಗುವುದು ಪುಸ್ತಕ. ಆದರೂ ಸಾವಿರಾರು ಕಂತು ನಡೆದುಬಂತು. ಮೀಟರಿನ ಲೆಕ್ಕದಲ್ಲಿ ಅದು ಎಷ್ಟನೆಯದೋ, ಮನೆಯ ಹಿರಿಯರ ಲೆಕ್ಕದಲ್ಲಿ ಮಾತ್ರ ಮೇಲಿನದೇ.

ದೂರು ಹೇಳುವ ದಾರಿ

ಟಿ.ವಿ.ಯವರ ಮೇಲೆ ಸಿಟ್ಟು ಬಂದರೆ ಗುಂಡಿ ಒತ್ತಿ ಬೇರೆ ಕಡೆ ಹೋಗುವುದೊಂದೇ ದಾರಿಯೆಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಕೇಬಲ್ ಟಿ.ವಿ. ನಿಯಮಗಳಿಗೆ 2021ರ ಜೂನ್‌ನಲ್ಲಿ ತಂದ ತಿದ್ದುಪಡಿ ಪ್ರಕಾರ ವೀಕ್ಷಕ ಯಾರೇ ಆಗಲಿ ನೇರ ಚಾನೆಲಿಗೇ ಲಿಖಿತ ದೂರು ಕೊಡಬಹುದು. ಮುಟ್ಟಿದೆ ಎಂದು 24 ತಾಸಿನೊಳಗೆ ತಿಳಿಸಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು. ಸಮಾಧಾನ ಆಗದಿದ್ದರೆ ಮುಂದಿನ 15 ದಿನದೊಳಗೆ ಆ ಚಾನೆಲು ಸೇರಿರುವ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ. ಅಲ್ಲಿ 60 ದಿನ. ಅಲ್ಲೂ ಆಗದಿದ್ದರೆ ಕೇಂದ್ರ ಸರಕಾರ.

ಈ ಮಂಡಳಿಗಳಿಗೆ ಹಲ್ಲಿಲ್ಲ ಎಂಬ ಮಾತಿದೆ, ಅದು ಅರ್ಧ ನಿಜ. 2020ರಲ್ಲಿ ಕೊರೋನಾ ಹೊತ್ತಿನಲ್ಲಿ ತಬ್ಲೀಗಿ ಜಮಾತಿನ ಬಗ್ಗೆ ಪ್ರಸಾರ ಮಾಡಿದ ಕಾರ್ಯಕ್ರಮಗಳಿಗಾಗಿ ಕನ್ನಡದ ಎರಡು ಸುದ್ದಿ ಚಾನೆಲುಗಳಿಗೆ 2021ರಲ್ಲಿ ದಂಡ ಬಿತ್ತು. ಒಂದಕ್ಕೆ ಒಂದು ಲಕ್ಷ, ಇನ್ನೊಂದಕ್ಕೆ 50 ಸಾವಿರ. ದೂರು ಕೊಟ್ಟಿದ್ದು ಬೆಂಗಳೂರಿನ ಸಾಮಾನ್ಯ ನಾಗರಿಕರ ಒಂದು ಗುಂಪು. ಲಕ್ಷ ರೂಪಾಯಿ ದಂಡದಿಂದ ಯಾವ ಚಾನೆಲಿಗೆ ಏನು ಬಿಸಿ ತಟ್ಟೀತು ಎಂದು ಸುಪ್ರೀಂ ಕೋರ್ಟೇ 2023ರ ಆಗಸ್ಟ್‌ನಲ್ಲಿ ಕೇಳಿತು, ಅದೂ ನಿಜ. ಹಾಗಂತ ದೂರೇ ಬೇಡವೆಂದರೆ ಆ ಒಂದು ಲಕ್ಷವೂ ಇಲ್ಲ.

ದೂರು ಬರೆಯುವವರು ಚಾನೆಲಿನ ಹೆಸರು, ಕಾರ್ಯಕ್ರಮದ ಹೆಸರು, ತಾರೀಖು, ಶುರುವಾದ ಹೊತ್ತು ಇಷ್ಟನ್ನು ಅಂದೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಇನ್ನು ಅಂಗಡಿಯವರಿಗೆ ತಕ್ಷಣದ ಉಪಾಯ ಒಂದೇ: ವಿಶೇಷಗಳ ಹೊತ್ತನ್ನು ಚಾನೆಲುಗಳು ವಾರ ಮುಂಚೆಯೇ ಸಾರುತ್ತವೆ. ಅದನ್ನು ನೋಡಿಕೊಂಡು ಹಬ್ಬದ ಹಿಂದಿನ ಶನಿವಾರ, ಭಾನುವಾರ ಮಧ್ಯಾಹ್ನದ ವಿರಾಮ ಬಿಟ್ಟು ಎರಡರಿಂದ ಆರರವರೆಗೆ ಅಂಗಡಿ ತೆರೆದಿಡುವುದು. ಕೂಲಿಯ ಹುಡುಗರಿಗೆ ಅಂದು ಮಧ್ಯಾಹ್ನದ ಊಟವನ್ನೂ ಕೊಟ್ಟರೆ ಅವರೂ ಬೇಡವೆನ್ನಲಿಕ್ಕಿಲ್ಲ. ಹಳ್ಳಿ ಕಡೆಯ ಗಿರಾಕಿಗೂ ಸಂಜೆ ಬಸ್ಸು ಹಿಡಿಯಲು ಅದೇ ಅನುಕೂಲ.